ಹೊಸ್ತಿಲಲ್ಲೊಂದು ಕಾಲಮುದ್ರೆ

೨೦೦೩ನೆಯ ಇಸವಿಯ ಆಗಸ್ಟ್ ೧೪ನೆಯ ತಾರೀಖು, ಗುರುವಾರ. ಅಮೆರಿಕದ ಪೂರ್ವಭಾಗದಲ್ಲಿ ಸಂಜೆ ನಾಲ್ಕು ಗಂಟೆ ಕಳೆದು ಹತ್ತು ನಿಮಿಷಗಳಾಗಿದ್ದುವು. ಕಚೇರಿಗಳಿಂದ ಜನ ಮನೆಗೆ ಹೊರಡುವ ಹೊತ್ತು. ಇದ್ದಕ್ಕಿದ್ದಂತೆ ನ್ಯೂಯಾರ್ಕ್ ನಗರದ ನೆಲದಡಿಯ ರೈಲುಗಳು ಸುರಂಗಗಳಲ್ಲಿ ನಿಂತಲ್ಲಿಯೇ ನಿಂತುಬಿಟ್ಟುವು. ಲಿಫ್ಟುಗಳು ಮಹಡಿ ಮಹಡಿಗಳ ನಡುವೆ ಸಿಕ್ಕಿಕೊಂಡುವು. ಬೀದಿಯ ದೀಪಗಳು ಆರಿದುವು. ಸಾವಿರಾರು ಮಂದಿ ಸೇತುವೆಗಳ ಮೇಲೆ ಕಾಲ್ನಡಿಗೆಯಲ್ಲಿ ಮನೆಯ ದಾರಿ ಹಿಡಿದರು. ಅಮೆರಿಕದ ಎಂಟು ಸಂಸ್ಥಾನಗಳೂ ಕೆನಡಾ ದೇಶದ ಆಂಟೇರಿಯೊ ಪ್ರಾಂತವೂ ಸೇರಿ ಸುಮಾರು ಐದು ಕೋಟಿ ಜನ ಕೆಲವೇ ನಿಮಿಷಗಳಲ್ಲಿ ಕತ್ತಲೆಯ ಪಾಲಾಗಿದ್ದರು.

ಎರಡೂ ಸರಕಾರಗಳು ಕೂಡಿ ತನಿಖೆಗಾಗಿ ಒಂದು ಮಂಡಲಿಯನ್ನು ನೇಮಿಸಿದುವು. ತಂತಿಗಳು ಕಡಿದುಕೊಂಡುದು, ವಿದ್ಯುದಾಗಾರಗಳು ನಿಂತುದು, ರಕ್ಷಣೆಯ ಯಂತ್ರಗಳು ತಾವಾಗಿಯೇ ಕೀಲು ತಿರುವಿದುದು, ಹೀಗೆ ಸಾವಿರಾರು ಘಟನೆಗಳ ದಾಖಲೆಗಳು ಬಂದು ರಾಶಿಬಿದ್ದುವು. ಪ್ರತಿಯೊಂದು ಘಟನೆಯ ಮುಂದೆಯೂ ಗಂಟೆ, ನಿಮಿಷ, ಸೆಕೆಂಡು ನಮೂದಾಗಿದ್ದಿತು. ಕಾರಣ ಯಾವುದು, ಪರಿಣಾಮ ಯಾವುದು ಎಂದು ಹೇಳಬೇಕಾದರೆ ಮೊದಲು ನಡೆದುದು ಯಾವುದು, ಆಮೇಲೆ ನಡೆದುದು ಯಾವುದು ಎಂಬುದು ತಿಳಿಯಬೇಕಷ್ಟೆ. ಆದರೆ ಆ ನಮೂದುಗಳಲ್ಲಿ ಎಷ್ಟೋ ನಂಬುವಂತಿರಲಿಲ್ಲ. ಮಗ ಹುಟ್ಟಿದ ಮೇಲೆ ತಂದೆ ಹುಟ್ಟಿದಂತೆ ತೋರುವ ಜಾತಕಗಳನ್ನು ಮುಂದಿಟ್ಟುಕೊಂಡು ಕುಳಿತ ಜೋಯಿಸರ ಪಾಡು ತಜ್ಞರದಾಯಿತು. ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು ಹೊಂದಿಸಿ, ಘಟನೆಗಳ ಸರಪಣಿಯನ್ನು ಮತ್ತೆ ಕಟ್ಟುವುದೇ ಒಂದು ದೊಡ್ಡ ಕೆಲಸವಾಯಿತು.

ಮಂಡಲಿಯು ತನ್ನ ವರದಿಯಲ್ಲಿ ಇದಕ್ಕೆ ಎರಡು ಕಾರಣಗಳನ್ನು ಕೊಟ್ಟಿತು. ಕೆಲವೆಡೆ ಗಡಿಯಾರಗಳನ್ನು ಪ್ರಮಾಣವೇಳೆಗೆ ಸರಿಹೊಂದಿಸಿಯೇ ಇರಲಿಲ್ಲ. ಇನ್ನು ಕೆಲವೆಡೆ ಸುದ್ದಿಯ ಮೇಲೆ ಸುದ್ದಿ ಬಂದು ಬಿದ್ದುದರಿಂದ ಕಂಪ್ಯೂಟರುಗಳಲ್ಲಿ ಕೆಲಸ ಬಾಕಿ ಬಿದ್ದು, ಅವು ವೇಳೆಯನ್ನು ತಡವಾಗಿ ಬರೆದಿದ್ದುವು. ಮೊದಲನೆಯದು ಗಡಿಯಾರದ ತಪ್ಪು. ಎರಡನೆಯದು ಗಡಿಯಾರ ಸರಿಯಿದ್ದರೂ ಬರೆಯುವ ಗುಮಾಸ್ತನಿಂದಾದ ತಡ. ಮೊದಲನೆಯ ರೋಗ ಬಹಳ ಹಳೆಯದು, ಅದಕ್ಕೆ ಮದ್ದೂ ಹಳೆಯದು. ಎರಡನೆಯ ರೋಗವು ಯಂತ್ರಯುಗದ್ದು. ಅದಕ್ಕೆ ಕಂಡುಹಿಡಿದಿರುವ ಮದ್ದು ಸೋಜಿಗವೆನ್ನುವಷ್ಟು ಸರಳವಾಗಿದೆ.

ವೇಳೆ ಮಾರಿದ ಹೆಂಗಸು

ಊರೂರಿಗೆ ಬೇರೆ ಬೇರೆ ವೇಳೆಯಿದ್ದ ಕಾಲದಲ್ಲಿ ಅದರಿಂದ ಯಾರ ಕೆಲಸವೂ ಹೆಚ್ಚಾಗಿ ಕೆಡುತ್ತಿರಲಿಲ್ಲ. ನಮ್ಮ ದೇಶದಲ್ಲಿ ಏಕರೂಪದ ಭಾರತೀಯ ವೇಳೆ ೧೯೦೬ರಲ್ಲಿಯೇ ಜಾರಿಗೆ ಬಂದಿತಾದರೂ ಕಲ್ಕತ್ತೆಯವರು ೧೯೪೮ರವರೆಗೂ ಮುಂಬಯಿಯವರು ೧೯೫೫ರವರೆಗೂ ತಮ್ಮ ತಮ್ಮ ವೇಳೆಯನ್ನೇ ಹಿಡಿದುಕೊಂಡಿದ್ದರು. ಮುಂಬಯಿಯ ವೇಳೆ ದೇಶದ ವೇಳೆಗಿಂತ ೩೯ ನಿಮಿಷ ಹಿಂದಿರುತ್ತಿತ್ತು.

ಇಂಗ್ಲೆಂಡಿನಲ್ಲಿ ಸರಿಯಾದ ವೇಳೆಯನ್ನು ಹಾಲು ಮೊಸರಿನಂತೆ ಮನೆಬಾಗಿಲಿಗೆ ತಂದು ಮಾರುವ ಒಂದು ಸಂಸಾರವೇ ಇದ್ದಿತು. ಗ್ರೀನಿಚ್ ವೀಕ್ಷಣಾಲಯದ ನೌಕರರಾಗಿದ್ದ ಜಾನ್ ಹೆನ್ರಿ ಬೆಲ್ವಿಲ್ ಎಂಬವರು ೧೮೩೬ರಲ್ಲಿ ಈ ಕಸುಬನ್ನು ಆರಂಭಿಸಿದರು. ಅವರ ತರುವಾಯ ಅವರ ಹೆಂಡತಿ ಮರಿಯಾ, ಆಕೆಯ ತರುವಾಯ ಮಗಳು ರೂತ್ ಅದನ್ನು ಮುಂದುವರಿಸಿದರು. ರೂತ್ ಬೆಲ್ವಿಲ್ ತನ್ನ ಕೈಚೀಲದಲ್ಲಿ ಒಂದು ಉತ್ತಮ ಗಡಿಯಾರವನ್ನಿಟ್ಟುಕೊಂಡು ಗ್ರೀನಿಚ್ಚಿಗೆ ಹೋಗಿ, ಅಲ್ಲಿಯ ಗಡಿಯಾರದೊಡನೆ ಅದನ್ನು ತಾಳೆನೋಡಿಸಿ, ಲಂಡನ್ನಿನ ಅಂಗಡಿಗಳಿಗೂ ಗಡಿಯಾರ ರಿಪೇರಿಯವರಿಗೂ ಅದರ ಮುಖವನ್ನು ತೋರಿಸಿ ಹಣ ಪಡೆಯುತ್ತಿದ್ದಳು. ತಯಾರಿಸಿದವನ ಹೆಸರು ಆರ್ನಾಲ್ಡ್ ಎಂದಿದ್ದುದರಿಂದ ಆ ಗಡಿಯಾರವನ್ನು ಆಕೆ ‘ಆರ್ನಾಲ್ಡ್’ ಎಂದೇ ಕರೆಯುತ್ತಿದ್ದಳು. ತಂತಿ ಬಂದಿತು, ರೇಡಿಯೊ ಬಂದಿತು, ೧೯೩೬ರಲ್ಲಿ ಟೆಲಿಫೋನಿನಲ್ಲಿ ಮಾತನಾಡಿ ವೇಳೆ ಹೇಳುವ ಯಂತ್ರವೂ ಬಂದಿತು. ಆದರೂ ಎರಡನೆಯ ಮಹಾಯುದ್ಧದ ಆರಂಭದ ದಿನಗಳವರೆಗೆ ಈ ಮುದುಕಿಗೆ ಗಿರಾಕಿಗಳಿದ್ದರು!

ಬೆಲ್ವಿಲ್ಲಳಿಗಿದ್ದ ಒಂದು ಸೌಕರ್ಯವನ್ನು ಇಲ್ಲಿ ಗಮನಿಸಬೇಕು. ದಾರಿಯಲ್ಲಿ ಆಕೆಗೆ ಎಷ್ಟು ತಡವಾದರೂ ಚಿಂತೆಯಿರಲಿಲ್ಲ. ಗಡಿಯಾರವು ಚೀಲದೊಳಗೆ ಟಿಕ್ ಟಿಕ್ ಎನ್ನುತ್ತಲೇ ಇರುತ್ತಿತ್ತು. ಈಗಿನ ಕಂಪ್ಯೂಟರು ಜಾಲದಲ್ಲಿ ವೇಳೆಯನ್ನು ಒಯ್ಯುವುದು ಗಡಿಯಾರವಲ್ಲ, ಒಂದು ಕಾಗದ. ಜಾಲದ ಜನ ಅದನ್ನು ಪ್ಯಾಕೆಟ್ ಎನ್ನುತ್ತಾರೆ. ಸೊನ್ನೆ, ಒಂದು ಎಂಬ ಎರಡೇ ಅಕ್ಷರಗಳಲ್ಲಿ ಬರೆದು, ವಿಳಾಸ ಹಚ್ಚಿ, ತಂತಿಯ ಮೇಲೆ ಕಳುಹಿಸಿದ ಸಣ್ಣ ಲಕೋಟೆ ಅದು. ‘ಈಗ ಹತ್ತು ಗಂಟೆ’ ಎಂದು ಅದರಲ್ಲಿ ಬರೆದಿದ್ದರೆ ಅದು ತಲುಪುವ ವೇಳೆಗೆ ಆ ಮಾತು ಸುಳ್ಳಾಗಿರುತ್ತದೆ. ಎಷ್ಟು ಸುಳ್ಳೆಂಬುದು ದಾರಿಯಲ್ಲಿ ಅದಕ್ಕೆ ಹಿಡಿದ ಹೊತ್ತನ್ನು ಅವಲಂಬಿಸಿದೆ.

ಮಲ್ಲೇಶ್ವರದಿಂದ ಬಸವನಗುಡಿಗೆ

ಬೆಂಗಳೂರಿನ ಮಲ್ಲೇಶ್ವರದಲ್ಲಿ ಒಬ್ಬ ರಾಯರೂ ಬಸವನಗುಡಿಯಲ್ಲಿ ಒಬ್ಬ ಶಾಸ್ತ್ರಿಗಳೂ ಇದ್ದಾರೆಂದು ಭಾವಿಸಿ. ಶಾಸ್ತ್ರಿಗಳ ಗಡಿಯಾರ ಸರಿಯಾದುದು. ರಾಯರದು ನಾಲ್ಕು ನಿಮಿಷ ಹಿಂದೆ. ಆದರೆ ರಾಯರಿಗೆ ಅದು ತಿಳಿಯದು. ಟೆಲಿಫೋನಿಲ್ಲ, ಸೈಕಲ್ಲಿನಲ್ಲಿ ಹೋಗಿಬರುವ ಒಬ್ಬ ಹುಡುಗನಿದ್ದಾನೆ, ಅಷ್ಟೆ. ರಾಯರು ತಮ್ಮ ಗಡಿಯಾರದಲ್ಲಿ ೧೦ ಗಂಟೆಯಾದಾಗ ಕಾಗದ ಕಳುಹಿಸುತ್ತಾರೆ. ಅದು ಶಾಸ್ತ್ರಿಗಳ ಕೈಸೇರಿದಾಗ ಅವರ ಗಡಿಯಾರದಲ್ಲಿ ೧೦-೩೪. ಶಾಸ್ತ್ರಿಗಳು ಉತ್ತರ ಬರೆದು ೧೦-೪೪ಕ್ಕೆ ಹುಡುಗನನ್ನು ಹಿಂದಕ್ಕೆ ಕಳುಹಿಸುತ್ತಾರೆ. ಅವನು ಮಲ್ಲೇಶ್ವರಕ್ಕೆ ಬಂದಾಗ ರಾಯರ ಗಡಿಯಾರ ೧೧-೧೦ ತೋರಿಸುತ್ತದೆ.

ಈ ನಾಲ್ಕು ಅಂಕಿಗಳೇ ಸಾಕು. ಹುಡುಗ ಹೊರಗಿದ್ದುದು ಒಟ್ಟು ೭೦ ನಿಮಿಷ. ಶಾಸ್ತ್ರಿಗಳ ಮನೆಯಲ್ಲಿ ಕಾದುದು ೧೦ ನಿಮಿಷ. ದಾರಿಗೆ ಹಿಡಿದುದು ೬೦. ಒಂದು ಕಡೆಗೆ ೩೦. ಹಾಗಾದರೆ ರಾಯರ ಗಡಿಯಾರದ ಪ್ರಕಾರ ಅವನು ೧೦-೩೦ಕ್ಕೆ ಬಸವನಗುಡಿ ಸೇರಬೇಕಿತ್ತು. ಶಾಸ್ತ್ರಿಗಳು ೧೦-೩೪ ಎಂದು ಬರೆದಿದ್ದಾರೆ. ಅಂತರ ನಾಲ್ಕು ನಿಮಿಷ. ರಾಯರು ಎದ್ದು ಗಡಿಯಾರದ ಮುಳ್ಳನ್ನು ಮುಂದಕ್ಕೆ ತಳ್ಳಬಹುದು.

ಡೇವಿಡ್ ಮಿಲ್ಸ್ ಎಂಬ ಅಮೆರಿಕನ್ ವಿದ್ವಾಂಸರು ೧೯೮೫ರಲ್ಲಿ ಪ್ರಕಟಿಸಿದ ನಿಯಮಾವಳಿಯ ತಿರುಳು ಇಷ್ಟೇ. ನೆಟ್‌ವರ್ಕ್ ಟೈಮ್ ಪ್ರೋಟೊಕಾಲ್ ಎಂಬ ಆ ಏರ್ಪಾಟಿನಿಂದಲೇ ಜಗತ್ತಿನ ಕೋಟ್ಯಂತರ ಕಂಪ್ಯೂಟರುಗಳು ಇಂದಿಗೂ ತಮ್ಮ ವೇಳೆಯನ್ನು ಸರಿಪಡಿಸಿಕೊಳ್ಳುತ್ತಿವೆ. ಮಿಲ್ಸರಿಗೆ ಹುಟ್ಟಿನಿಂದಲೇ ಕಣ್ಣಿನ ಬೇನೆಯಿದ್ದು, ಕೊನೆಯ ವರ್ಷಗಳಲ್ಲಿ ದೃಷ್ಟಿ ಪೂರ್ತಿಯಾಗಿ ಹೋಗಿತ್ತು. ಅವರು ೨೦೨೪ರ ಜನವರಿಯಲ್ಲಿ ತೀರಿಕೊಂಡರು. ಅವರ ಏರ್ಪಾಟಿನಿಂದ ಇಂಟರ್‌ನೆಟ್ಟಿನ ದೂರದ ದಾರಿಗಳಲ್ಲಿಯೂ ಸಾಮಾನ್ಯವಾಗಿ ಸೆಕೆಂಡಿನ ಸಾವಿರದ ಕೆಲವು ಹತ್ತು ಅಂಶಗಳೊಳಗಿನ ನಿಖರತೆ ದೊರೆಯುತ್ತದೆ. ಮನೆಯ ಕಂಪ್ಯೂಟರಿಗೆ, ಬ್ಯಾಂಕಿನ ಲೆಕ್ಕಕ್ಕೆ, ರೈಲಿನ ಟಿಕೆಟ್ಟಿಗೆ ಇದು ಧಾರಾಳವಾಗಿ ಸಾಕು. ವಿದ್ಯುಜ್ಜಾಲಕ್ಕೂ ಮೊಬೈಲ್ ಗೋಪುರಕ್ಕೂ ಸಾಲದು.

ಮೇಜಿನಿಂದ ಬಾಗಿಲಿಗೆ

ಸಾಲದಿರುವುದಕ್ಕೆ ಕಾರಣವೇನು? ಮತ್ತೆ ರಾಯರ ಮನೆಗೆ ಹೋಗಬೇಕು. ರಾಯರು ಮೇಜಿನ ಮುಂದೆ ಕುಳಿತು, ಗಡಿಯಾರ ನೋಡಿ ‘ಹತ್ತು ಗಂಟೆ’ ಎಂದು ಬರೆದರು. ಆಮೇಲೆ ಲಕೋಟೆಗೆ ಅಂಟು ಹುಡುಕಿದರು. ಒಳಗಿನಿಂದ ಕಾಫಿಗೆ ಕರೆ ಬಂದಿತು. ಹುಡುಗನಿಗೆ ಚಪ್ಪಲಿ ಸಿಕ್ಕಲಿಲ್ಲ. ಕಾಗದ ಹೊಸ್ತಿಲು ದಾಟಿದಾಗ ನಿಜವಾಗಿ ಹತ್ತು ಗಂಟೆ ಏಳು ನಿಮಿಷ. ಅತ್ತ ಬಸವನಗುಡಿಯಲ್ಲಿ ಹುಡುಗ ಬಾಗಿಲು ತಟ್ಟಿದಾಗ ಶಾಸ್ತ್ರಿಗಳು ಪೂಜೆಯಲ್ಲಿದ್ದರು. ಮಂಗಳಾರತಿಯಾದ ಮೇಲೆ ಕಾಗದ ನೋಡಿ ವೇಳೆ ಗುರುತುಹಾಕಿದರು. ಈ ತಡಗಳು ದಿನವೂ ಒಂದೇ ಅಳತೆಯಲ್ಲಿದ್ದರೆ ಲೆಕ್ಕದಲ್ಲಿ ಕಳೆದುಬಿಡಬಹುದಾಗಿತ್ತು. ಆದರೆ ಒಂದು ದಿನ ಏಳು ನಿಮಿಷ, ಇನ್ನೊಂದು ದಿನ ಎರಡು, ಮತ್ತೊಂದು ದಿನ ಇಪ್ಪತ್ತು! ಕಷ್ಟವಿರುವುದು ತಡದಲ್ಲಲ್ಲ, ತಡದ ಚಂಚಲತೆಯಲ್ಲಿ.

ಕಂಪ್ಯೂಟರಿನೊಳಗೆ ನಡೆಯುವುದೂ ಇದೇ ಸಂಸಾರ. ವೇಳೆಯ ಕಾಗದವನ್ನು ಬರೆಯುವ ಪ್ರೋಗ್ರಾಂ ಗಡಿಯಾರ ನೋಡಿ ಅಂಕಿ ಬರೆದು ‘ಕಳುಹಿಸು’ ಎನ್ನುತ್ತದೆ. ಆದರೆ ಯಂತ್ರದ ಯಜಮಾನಿಕೆ ಮಾಡುವ ಆಪರೇಟಿಂಗ್ ಸಿಸ್ಟಂ ಅದೇ ಕ್ಷಣದಲ್ಲಿ ನೂರು ಕೆಲಸಗಳನ್ನು ನೋಡಿಕೊಳ್ಳುತ್ತಿರುತ್ತದೆ. ಕಾಗದ ಸರತಿಯಲ್ಲಿ ನಿಲ್ಲುತ್ತದೆ. ಸರತಿ ಬಂದ ಮೇಲೆ ನೆಟ್‌ವರ್ಕ್ ಕಾರ್ಡಿನ ಬಾಗಿಲಿಗೆ ಹೋಗುತ್ತದೆ. ಅಲ್ಲಿ ಅದಕ್ಕೂ ಮುಂಚೆ ಬಂದ ದೊಡ್ಡ ಮೂಟೆಯೊಂದು ತಂತಿಯ ಮೇಲೆ ಹೋಗುತ್ತಿದ್ದರೆ ಮತ್ತೆ ಕಾಯುತ್ತದೆ. ಬಂದ ಕಾಗದದ ಪಾಡು ಇನ್ನೂ ವಿಚಿತ್ರ. ಪ್ರತಿಯೊಂದು ಕಾಗದಕ್ಕೂ ಗಂಟೆ ಬಾರಿಸಿ ಯಜಮಾನನನ್ನು ಎಬ್ಬಿಸಿದರೆ ಅವನಿಗೆ ಬೇರೆ ಕೆಲಸವೇ ಸಾಗದು. ಆದುದರಿಂದ ಕಾರ್ಡು ಹಲವು ಕಾಗದಗಳು ಸೇರುವವರೆಗೆ ಕಾದು ಒಂದೇ ಸಲ ಗಂಟೆ ಬಾರಿಸುತ್ತದೆ. ಮೊದಲು ಬಂದುದಕ್ಕೂ ಕೊನೆಗೆ ಬಂದುದಕ್ಕೂ ಆಗ ಹೆಚ್ಚು ಕಡಮೆ ಒಂದೇ ವೇಳೆ ಬೀಳುತ್ತದೆ. ಉಳಿದೆಲ್ಲ ಕೆಲಸಕ್ಕೂ ಇದು ಜಾಣತನವೇ ಹೌದು. ವೇಳೆಯ ಕಾಗದಕ್ಕೆ ಮಾತ್ರ ಮಾರಕ. ಈ ಕಾಯುವಿಕೆಗಳಿಂದ ಹುಟ್ಟುವ ಅನಿಶ್ಚಯ ಹತ್ತಾರು ಮೈಕ್ರೊಸೆಕೆಂಡುಗಳಿಂದ ಕೆಲವು ಸಾವಿರ ಮೈಕ್ರೊಸೆಕೆಂಡುಗಳವರೆಗೂ ಹೋಗಬಹುದು. ಮೈಕ್ರೊಸೆಕೆಂಡೆಂದರೆ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದಂಶ.

ಇದಕ್ಕೆ ಕಂಡುಹಿಡಿದ ಉಪಾಯವನ್ನು ಯಾವ ಅಂಚೆಪೇದೆಯೂ ಹೇಳಿಕೊಡಬಹುದಾಗಿತ್ತು. ಕಾಗದದ ತಲೆಯ ಮೇಲೆ ಬರೆದವನು ಹಾಕಿದ ತಾರೀಖನ್ನು ನ್ಯಾಯಾಲಯ ಸುಲಭವಾಗಿ ನಂಬುವುದಿಲ್ಲ. ಅಂಚೆಯ ಮುದ್ರೆಯನ್ನು ನಂಬುತ್ತದೆ. ಹಾಗೆಯೇ, ವೇಳೆಯನ್ನು ಮೇಜಿನ ಬಳಿ ಬರೆಯುವುದನ್ನು ಬಿಟ್ಟು ಹೊಸ್ತಿಲಲ್ಲಿ ಒಂದು ಗಡಿಯಾರವನ್ನೂ ಒಬ್ಬ ಕಾವಲುಗಾರನನ್ನೂ ಇಟ್ಟು, ಕಾಗದ ದಾಟುವ ಕ್ಷಣದಲ್ಲಿಯೇ ಮುದ್ರೆಯೊತ್ತಿಸಿದರಾಯಿತು. ಮನೆಯೊಳಗೆ ಕಾಫಿಯಾಗಲಿ, ಪೂಜೆಯಾಗಲಿ, ಮುದ್ರೆಗೆ ಅದರ ಸೋಂಕಿಲ್ಲ. ಇದನ್ನೇ ಹಾರ್ಡ್‌ವೇರ್ ಟೈಮ್‌ಸ್ಟ್ಯಾಂಪಿಂಗ್ ಎಂದು ಕರೆಯುತ್ತಾರೆ. ಮುದ್ರೆಯೊತ್ತುವುದು ಪ್ರೋಗ್ರಾಂ ಅಲ್ಲ. ಕಾರ್ಡಿನ ಸಿಲಿಕಾನ್ ಚೂರಿನಲ್ಲಿಯೇ ಕೆತ್ತಿದ ಮಂಡಲ.

ಆ ಕಾವಲುಗಾರನಿಗೆ ಕಾಗದ ಬಂದುದು ತಿಳಿಯುವ ಬಗೆ ಸ್ವಾರಸ್ಯವಾಗಿದೆ. ಈಥರ್‌ನೆಟ್ ತಂತಿಯ ಮೇಲೆ ಯಾವ ಪ್ಯಾಕೆಟ್ಟೂ ಥಟ್ಟನೆ ಆರಂಭವಾಗುವುದಿಲ್ಲ. ಹಾಡಿಗೆ ಮುಂಚೆ ತಾಳ ಹಿಡಿಯುವಂತೆ ಮೊದಲು ಒಂದು-ಸೊನ್ನೆ, ಒಂದು-ಸೊನ್ನೆ ಎಂಬ ಹೊಡೆತಗಳು ಸಾಲಾಗಿ ಬರುತ್ತವೆ. ಅರುವತ್ತೆರಡು ಹೊಡೆತಗಳಾದ ಮೇಲೆ ಲಯ ಮುರಿದು ಒಟ್ಟಿಗೆ ಎರಡು ‘ಒಂದು’ಗಳು ಬೀಳುತ್ತವೆ. ಅದೇ ಹೊಸ್ತಿಲು. ಆ ಜೋಡಿ ಹೊಡೆತ ಮುಗಿದೊಡನೆ ಕಾರ್ಡಿನೊಳಗಿನ ಪುಟ್ಟ ಗಡಿಯಾರದ ಅಂಕಿಗಳು ಒಂದು ಕೋಶದಲ್ಲಿ ಹಿಡಿದಿಡಲ್ಪಡುತ್ತವೆ. ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಅನೇಕ ಕಾರ್ಡುಗಳಲ್ಲಿ ಈ ಗಡಿಯಾರ ಸೆಕೆಂಡಿಗೆ ಹನ್ನೆರಡೂವರೆ ಕೋಟಿ ಸಲ, ಎಂದರೆ ಎಂಟು ನ್ಯಾನೊಸೆಕೆಂಡುಗಳಿಗೊಮ್ಮೆ ಮಿಡಿಯುತ್ತದೆ. ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕು ಹೋಗುವ ದೂರ ಮೂವತ್ತು ಸೆಂಟಿಮೀಟರು, ಶಾಲೆಯ ಹುಡುಗನ ಅಡಿಪಟ್ಟಿಯಷ್ಟು!

ಇಲ್ಲಿ ಒಂದು ಚಮತ್ಕಾರದ ತೊಡಕು ಏಳುತ್ತದೆ. ಲಕೋಟೆಯನ್ನು ಅಂಟಿಸಿ ಕಳುಹಿಸಿದ ಮೇಲಲ್ಲವೆ ಅದು ಹೊಸ್ತಿಲು ದಾಟಿದ ವೇಳೆ ತಿಳಿಯುವುದು? ಹಾಗಾದರೆ ಆ ವೇಳೆಯನ್ನು ಅದರೊಳಗೆ ಬರೆಯುವುದು ಹೇಗೆ? ಎರಡು ಮಾರ್ಗಗಳುಂಟು. ಕೆಲವು ಯಂತ್ರಗಳು ಕಾಗದ ತಂತಿಯ ಮೇಲೆ ಹರಿಯುತ್ತಿರುವಾಗಲೇ, ಅದರ ತಲೆ ಹೊರಗೂ ಬಾಲ ಒಳಗೂ ಇರುವಾಗಲೇ, ಅಂಕಿಯನ್ನು ತುಂಬಿಬಿಡುತ್ತವೆ. ಅದು ಚುರುಕುಗೈಯವರ ಕೆಲಸ. ಉಳಿದವು ನಿಧಾನವಾಗಿ ಇನ್ನೊಂದು ಕಾಗದ ಬರೆಯುತ್ತವೆ: ‘ಹಿಂದೆ ಕಳುಹಿಸಿದ ಪತ್ರವು ಇಂತಹ ವೇಳೆಗೆ ಸರಿಯಾಗಿ ಮನೆ ಬಿಟ್ಟಿತು.’ ಎರಡನೆಯ ಕಾಗದ ಎಷ್ಟು ತಡವಾಗಿ ಬಂದರೂ ನಷ್ಟವಿಲ್ಲ.

ಅಳತೆಯ ಉಪಕರಣಗಳಿಗೆ ಒಂದೇ ವೇಳೆ ಕೊಡುವ ಉದ್ದೇಶದಿಂದ ಹ್ಯೂಲೆಟ್-ಪ್ಯಾಕರ್ಡ್ ಕಂಪೆನಿಯ ಪ್ರಯೋಗಶಾಲೆಯಲ್ಲಿ ೧೯೯೦ರ ದಶಕದಲ್ಲಿ ಜಾನ್ ಐಡ್ಸನ್ ಎಂಬ ಎಂಜಿನಿಯರು ನಡೆಸಿದ ಕೆಲಸದಿಂದ ಈ ಪದ್ಧತಿ ಬೆಳೆಯಿತು. ಅದು ೨೦೦೨ರಲ್ಲಿ ೧೫೮೮ ಎಂಬ ಅಂಕಿಯ ಅಂತಾರಾಷ್ಟ್ರೀಯ ಪ್ರಮಾಣವಾಯಿತು. ೨೦೦೮ರಲ್ಲಿಯೂ ೨೦೧೯ರಲ್ಲಿಯೂ ತಿದ್ದುಪಡಿಗಳಾದುವು. ದಾರಿಯ ನಡುವಣ ಅಂಚೆಕಟ್ಟೆಗಳಾದ ಸ್ವಿಚ್ಚುಗಳಿಗೂ ಅದರಲ್ಲಿ ಕೆಲಸವುಂಟು. ೨೦೦೮ರ ತಿದ್ದುಪಡಿಯ ತರುವಾಯ ಒಂದು ಬಗೆಯ ಸ್ವಿಚ್ಚು, ಕಾಗದ ತನ್ನಲ್ಲಿ ಎಷ್ಟು ಹೊತ್ತು ತಂಗಿತ್ತೆಂಬುದನ್ನು ಒಳಬಾಗಿಲ ಮುದ್ರೆ, ಹೊರಬಾಗಿಲ ಮುದ್ರೆಗಳಿಂದ ಲೆಕ್ಕಹಾಕಿ, ಅದನ್ನು ಕಾಗದದ ಮೂಲೆಯಲ್ಲಿ ಕೂಡಿಸಿ ಬರೆಯುತ್ತದೆ. ಹತ್ತು ಕಟ್ಟೆ ದಾಟಿದ ಕಾಗದದಲ್ಲಿಯೂ ತಂಗಿದ ಹೊತ್ತೆಲ್ಲ ಲೆಕ್ಕಕ್ಕೆ ಸಿಕ್ಕುತ್ತದೆ. ಹೀಗೆ ಮೈಕ್ರೊಸೆಕೆಂಡಿಗಿಂತ ಕಡಮೆ ಅಂತರದಲ್ಲಿ ಗಡಿಯಾರಗಳನ್ನು ಹೊಂದಿಸಿಡುವುದು ಸಾಧ್ಯವಾಯಿತು. ಒಂದು ಕಾಲದಲ್ಲಿ ದುಬಾರಿ ಉಪಕರಣಗಳಿಗೆ ಮೀಸಲಾಗಿದ್ದ ಈ ಕಾವಲುಗಾರ ಈಗ ಸಾಧಾರಣ ಬೆಲೆಯ ಅನೇಕ ಕಾರ್ಡುಗಳಲ್ಲಿಯೂ ಕುಳಿತಿದ್ದಾನೆ. ಕಾರ್ಡನ್ನು ಕೊಂಡವರಿಗೆ ಅವನಿರುವ ಸುಳಿವೂ ಸಾಮಾನ್ಯವಾಗಿ ಇರುವುದಿಲ್ಲ.

ಯಾರಿಗೆ ಬೇಕು ಇಷ್ಟು ನಿಖರ?

ಮೊದಲನೆಯದಾಗಿ ವಿದ್ಯುಜ್ಜಾಲಕ್ಕೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಅಲೆಯಾಡುತ್ತದೆ. ದೂರದ ಎರಡು ಉಪಕೇಂದ್ರಗಳಲ್ಲಿ ಅಲೆಯು ಒಂದೇ ಕ್ಷಣದಲ್ಲಿ ಎಲ್ಲೆಲ್ಲಿದೆಯೆಂದು ಹೋಲಿಸಿ ನೋಡಿದರೆ ಜಾಲವು ಎಷ್ಟು ಬಿಗಿದಿದೆಯೆಂಬುದು ಕತ್ತಲೆ ಕವಿಯುವ ಮುಂಚೆಯೇ ತಿಳಿಯುತ್ತದೆ. ಆದರೆ ಆ ‘ಒಂದೇ ಕ್ಷಣ’ದಲ್ಲಿ ಸಾವಿರದ ಒಂದಂಶ ಸೆಕೆಂಡು ವ್ಯತ್ಯಾಸವಾದರೂ ಅಲೆಯ ಕೋನ ೧೮ ಡಿಗ್ರಿ ತಪ್ಪಿಹೋಗುತ್ತದೆ, ಅಳತೆಗೆ ಅರ್ಥವೇ ಉಳಿಯದು. ಮೈಕ್ರೊಸೆಕೆಂಡಿನ ತಪ್ಪಾದರೆ ಡಿಗ್ರಿಯ ನೂರರಲ್ಲಿ ಎರಡಂಶಕ್ಕಿಂತಲೂ ಕಡಮೆ. ೨೦೧೨ರ ಜುಲೈ ೩೦ ಮತ್ತು ೩೧ರಂದು ಉತ್ತರ ಭಾರತದ ಜಾಲ ಕುಸಿದು, ಎರಡನೆಯ ದಿನ ಅರುವತ್ತು ಕೋಟಿ ಜನರ ಮನೆಗಳಿರುವ ಪ್ರದೇಶ ಕತ್ತಲೆಯಾದುದು ಎಷ್ಟೋ ಮಂದಿಗೆ ನೆನಪಿರಬಹುದು.

ಎರಡನೆಯದಾಗಿ ಮೊಬೈಲ್ ಗೋಪುರಗಳಿಗೆ. ಈಗಿನ ಅನೇಕ ಗೋಪುರಗಳು ಒಂದೇ ಅಲೆಯ ಮೇಲೆ ಸರದಿಯಂತೆ ಮಾತನಾಡಿ, ಸರದಿಯಂತೆ ಕೇಳಿಸಿಕೊಳ್ಳುತ್ತವೆ. ಒಂದು ಗೋಪುರ ಕಿವಿಗೊಟ್ಟಿರುವಾಗ ನೆರೆಯ ಗೋಪುರ ಕೂಗಿದರೆ, ಗ್ರಾಹಕನ ಕೈಯಲ್ಲಿರುವ ಸಣ್ಣ ಯಂತ್ರದ ಪಿಸುಮಾತು ಅದರಲ್ಲಿ ಮುಳುಗಿಹೋಗುತ್ತದೆ. ಆದುದರಿಂದ ಪ್ರತಿಯೊಂದು ಗೋಪುರದ ಗಡಿಯಾರವೂ ಪ್ರಮಾಣವೇಳೆಯಿಂದ ಒಂದೂವರೆ ಮೈಕ್ರೊಸೆಕೆಂಡಿಗಿಂತ ಆಚೀಚೆಯಾಗಬಾರದೆಂಬ ಕಟ್ಟಳೆಯಿದೆ. ಶೇರುಪೇಟೆಗಳಲ್ಲಿಯೂ ಇದರ ಚಿಂತೆಯುಂಟು. ಯಾರು ಮೊದಲು ಕೊಂಡರು, ಯಾರು ಆಮೇಲೆ ಮಾರಿದರು ಎಂಬ ತಕರಾರು ತೀರುವುದು ಮುದ್ರೆಯಿಂದಲೇ. ಯೂರೋಪಿನಲ್ಲಿ ೨೦೧೮ರ ಜನವರಿ ೩ರಿಂದ ಅತಿವೇಗದ ವ್ಯಾಪಾರ ನಡೆಸುವವರ ಗಡಿಯಾರಗಳಿಗೆ ನೂರು ಮೈಕ್ರೊಸೆಕೆಂಡುಗಳ ಮಿತಿ ಹಾಕಲಾಗಿದೆ.

ಪ್ರತಿಯೊಂದು ಗೋಪುರದ ಮೇಲೂ ಉಪಗ್ರಹದಿಂದ ವೇಳೆ ಪಡೆಯುವ ಯಂತ್ರವನ್ನಿಟ್ಟರೆ ಸಾಲದೆ, ಈ ಕಾಗದದ ಕಾಟವೇಕೆ ಎಂದು ಕೇಳುವವರಿರಬಹುದು. ಅನೇಕ ಕಡೆ ಇಟ್ಟಿದ್ದಾರೆ. ಆದರೆ ಉಪಗ್ರಹದ ದನಿ ಬಹಳ ಕ್ಷೀಣ. ಅದನ್ನು ಅಡಗಿಸುವುದು ಸುಲಭ. ಉಪಗ್ರಹಗಳೂ ತಪ್ಪುತ್ತವೆ. ೨೦೧೬ರ ಜನವರಿ ೨೬ರಂದು ಅಮೆರಿಕದ ಜಿ.ಪಿ.ಎಸ್. ವ್ಯವಸ್ಥೆಯಿಂದ ಹಳೆಯ ಉಪಗ್ರಹವೊಂದನ್ನು ತೆಗೆದುಹಾಕುವ ಸಂದರ್ಭದಲ್ಲಿ ಹಲವು ಉಪಗ್ರಹಗಳು ೧೩ ಮೈಕ್ರೊಸೆಕೆಂಡು ತಪ್ಪಾದ ವೇಳೆಯನ್ನು ಗಂಟೆಗಟ್ಟಲೆ ಸಾರಿದುವು. ಎಷ್ಟೋ ದೂರಸಂಪರ್ಕ ಕೇಂದ್ರಗಳಲ್ಲಿ ಎಚ್ಚರಿಕೆಯ ಗಂಟೆಗಳು ಹೊಡೆದುಕೊಂಡುವು. ನೆಲದ ಮೇಲೆಯೇ, ಗಾಜಿನ ಎಳೆಯ ಮೂಲಕ, ನೆಚ್ಚಬಹುದಾದ ಒಂದು ವೇಳೆ ಹರಿದುಬರುತ್ತಿರಬೇಕೆಂಬ ಎಚ್ಚರ ಇಂತಹ ಪ್ರಸಂಗಗಳಿಂದ ಬಲವಾಯಿತು. ನಮ್ಮ ದೇಶದ ವೇಳೆಯ ಪರಮಾಣು ಗಡಿಯಾರಗಳನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಶಾಲೆ. ಅಲ್ಲಿಯ ವೇಳೆಯನ್ನು ಹಂಚಲು ಗೊತ್ತುಮಾಡಿರುವ ಐದು ಕೇಂದ್ರಗಳಲ್ಲಿ ಬೆಂಗಳೂರಿನದೂ ಒಂದು. ನಮ್ಮವೇ ಆದ ನ್ಯಾವಿಕ್ ಉಪಗ್ರಹಗಳಿಗೆ ವೇಳೆ ಹೇಳುವ ಗಡಿಯಾರಗಳು ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿವೆ.

ದಾರಿಯ ಮೋಸ

ಹೊಸ್ತಿಲ ಮುದ್ರೆಯಿಂದಲೂ ಗೆಲ್ಲಲಾಗದ ಶತ್ರುವೊಂದಿದೆ. ರಾಯರ ಲೆಕ್ಕದಲ್ಲಿ ಹುಡುಗನಿಗೆ ಹೋಗಲು ಎಷ್ಟೋ ಬರಲೂ ಅಷ್ಟೇ ಹೊತ್ತು ಹಿಡಿಯಿತೆಂಬ ನಂಬಿಕೆ ಅಡಗಿತ್ತು. ಹೋಗುವಾಗ ಎದುರುಗಾಳಿಯಿಂದ ೩೬ ನಿಮಿಷವಾಗಿ, ಬರುವಾಗ ೨೪ ಆಗಿದ್ದರೆ? ಒಟ್ಟು ಅದೇ ೬೦. ನಾಲ್ಕು ಮುದ್ರೆಗಳೂ ಪರಿಶುದ್ಧ. ಆದರೂ ಉತ್ತರದಲ್ಲಿ ಆರು ನಿಮಿಷದ ತಪ್ಪು. ಎಷ್ಟು ಕಾಗದ ಬರೆದರೂ ಅದು ಬಯಲಾಗುವುದಿಲ್ಲ. ಜಾಲದಲ್ಲಿ ಹೋಗುವ ಎಳೆ ಒಂದು, ಬರುವ ಎಳೆ ಇನ್ನೊಂದು ಆಗಿರುವುದುಂಟು. ಒಂದು ಎಳೆ ಮತ್ತೊಂದಕ್ಕಿಂತ ನೂರು ಮೀಟರು ಉದ್ದವಾಗಿದ್ದರೆ ಗಡಿಯಾರ ೨೫೦ ನ್ಯಾನೊಸೆಕೆಂಡು ತಪ್ಪಿ ನಿಲ್ಲುತ್ತದೆ. ಯಾರಾದರೂ ಹೋಗಿ ಎಳೆಯನ್ನು ಅಳೆದೇ ತೀರಬೇಕು.

ಜಿನೀವಾ ಬಳಿಯ ಸರ್ನ್ ಸಂಸ್ಥೆಯವರು ೨೦೦೮ರ ಸುಮಾರಿಗೆ ಆರಂಭಿಸಿದ ‘ವೈಟ್ ರ್‍ಯಾಬಿಟ್’ ಎಂಬ ಯೋಜನೆ ಇದಕ್ಕೆ ಒಂದು ಉತ್ತರ. ಆಲಿಸ್ ಎಂಬ ಹುಡುಗಿಯ ಕಥೆಯಲ್ಲಿ ಗಡಿಯಾರ ನೋಡುತ್ತ ಓಡುವ ಬಿಳಿಯ ಮೊಲದ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಅದರಲ್ಲಿ ಹೋಗುವ ಬೆಳಕೂ ಬರುವ ಬೆಳಕೂ ಒಂದೇ ಎಳೆಯಲ್ಲಿ ಬೇರೆ ಬೇರೆ ಬಣ್ಣಗಳಲ್ಲಿ ಸಾಗುತ್ತವೆ. ಎರಡು ಬಣ್ಣಗಳ ವೇಗದಲ್ಲಿರುವ ಅಲ್ಪ ಅಂತರವನ್ನು ಮೊದಲೇ ಅಳೆದಿಟ್ಟಿರುತ್ತಾರೆ. ಎಂಟು ನ್ಯಾನೊಸೆಕೆಂಡಿನ ಎರಡು ಮಿಡಿತಗಳ ನಡುವಣ ಸಂದನ್ನೂ ಬಿಡದೆ ಅಳೆಯುವುದರಿಂದ ತಪ್ಪು ಒಂದು ನ್ಯಾನೊಸೆಕೆಂಡಿಗಿಂತ ಕೆಳಕ್ಕೆ ಇಳಿಯುತ್ತದೆ.

ಆ ಮೊಲಕ್ಕೆ ಬೇಗನೆ ಕೆಲಸವೂ ಸಿಕ್ಕಿತು. ೨೦೧೧ರ ಸೆಪ್ಟೆಂಬರಿನಲ್ಲಿ ಒಂದು ಸುದ್ದಿ ಜಗತ್ತಿನ ವಿಜ್ಞಾನಿಗಳನ್ನು ಬೆಚ್ಚಿಬೀಳಿಸಿತ್ತು. ಸರ್ನ್‌ನಿಂದ ಹೊರಟ ನ್ಯೂಟ್ರಿನೊ ಕಣಗಳು ಸುಮಾರು ೭೩೦ ಕಿಲೊಮೀಟರು ದೂರದ ಇಟಲಿಯ ಗ್ರಾನ್ ಸಾಸೊ ಪರ್ವತದ ಒಡಲಿನಲ್ಲಿರುವ ಪ್ರಯೋಗಶಾಲೆಯನ್ನು, 'ಆಪೆರಾ' ಎಂಬ ಪ್ರಯೋಗದವರ ಅಳತೆಯಂತೆ, ಬೆಳಕಿಗಿಂತ ೬೦ ನ್ಯಾನೊಸೆಕೆಂಡು ಮೊದಲೇ ತಲುಪಿದ್ದುವು. ನಿಜವಾಗಿದ್ದರೆ ಐನ್‌ಸ್ಟೈನರ ಸಿದ್ಧಾಂತದ ಬುಡವೇ ಅಲುಗುತ್ತಿತ್ತು. ಐದು ತಿಂಗಳು ಹುಡುಕಿದ ಮೇಲೆ ಸಿಕ್ಕಿದುದು, ಉಪಗ್ರಹದ ವೇಳೆಯನ್ನು ಪ್ರಯೋಗಶಾಲೆಯ ಮುಖ್ಯ ಗಡಿಯಾರಕ್ಕೆ ತರುವ ಗಾಜಿನ ಎಳೆಯ ತುದಿ. ಅದನ್ನು ಬಿಗಿಯಾಗಿ ಕೂರಿಸಿರಲಿಲ್ಲ. ಬೆಳಕು ಮಂಕಾಗಿ ಬೀಳುತ್ತಿದ್ದುದರಿಂದ ಅದನ್ನು ಗುರುತಿಸುವ ಯಂತ್ರ ೭೩ ನ್ಯಾನೊಸೆಕೆಂಡು ತಡಮಾಡುತ್ತಿತ್ತು. ಗಡಿಯಾರ ಅಷ್ಟು ಹಿಂದೆ ಬಿದ್ದು, ಬಂದ ಕಣಗಳಿಗೆಲ್ಲ ಬೇಗನೆ ಬಂದಂತೆ ಮುದ್ರೆ ಬೀಳುತ್ತಿತ್ತು. ಇನ್ನೊಂದು ಚಿಕ್ಕ ದೋಷ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಎಳೆಯುತ್ತಿದ್ದುದರಿಂದ ಉಳಿದುದು ಅರುವತ್ತು.

೨೦೧೨ರ ಮೇ ತಿಂಗಳಿನಲ್ಲಿ ಪರೀಕ್ಷೆಯನ್ನು ಮತ್ತೆ ನಡೆಸಿದರು. ಈ ಸಲ ಸರ್ನ್‌ನಲ್ಲಿಯೂ ಗ್ರಾನ್ ಸಾಸೊದಲ್ಲಿಯೂ ವೇಳೆಯನ್ನು ಒಯ್ಯಲು ಹಳೆಯ ಏರ್ಪಾಟಿನ ಜೊತೆಗೆ ವೈಟ್ ರ್‍ಯಾಬಿಟ್ಟನ್ನೂ ಕೂಡಿಸಿದ್ದರು. ಅದನ್ನು ಕೆಲಸಕ್ಕೆ ಹಚ್ಚಿದುದು ಅದೇ ಮೊದಲು. ಪರ್ವತದೊಳಗಿನ ನಾಲ್ಕು ಪ್ರಯೋಗಗಳೂ ತಮ್ಮ ತಮ್ಮ ಮುದ್ರೆಗಳನ್ನು ತಾಳೆನೋಡಿದುವು. ಜೂನ್ ೮ರಂದು ಜಪಾನಿನ ಕ್ಯೋಟೊ ನಗರದ ಸಮ್ಮೇಳನದಲ್ಲಿ ಫಲಿತಾಂಶವನ್ನು ತಿಳಿಸಲಾಯಿತು. ನ್ಯೂಟ್ರಿನೊಗಳು ಬೆಳಕನ್ನು ಮೀರಿ ಓಡಿರಲಿಲ್ಲ.